ರ್ಯಾಕ್ ಆಮೇಲೆ, ಮೊದಲು ರಾಡ್ ಅಳೆಯಿರಿ

ಪ್ರಶ್ನೆ: ನನಗೆ 36 ವರ್ಷ. ಶಿವಮೊಗ್ಗದಲ್ಲಿ ಸ್ವಂತ ಮನೆ. ಮೊದಲ ಮಹಡಿಯಲ್ಲಿ 10×11 ಅಡಿಯ ರೂಮು ಖಾಲಿ ಇದೆ, ಎತ್ತರ ಒಂಬತ್ತೂವರೆ ಅಡಿ. ಬೆಳಗ್ಗೆ ಐದೂವರೆಗೆ ಒಬ್ಬನೇ ವ್ಯಾಯಾಮ ಮಾಡುತ್ತೇನೆ. ಈಗ 5 ಅಡಿ ರಾಡ್, 80 ಕೆಜಿಯಷ್ಟು ರಬ್ಬರ್ ಪ್ಲೇಟು, ಒಂದು ಬೆಂಚ್ ಇದೆ. ಸ್ಕ್ವಾಟ್ (ರಾಡ್ ಹೆಗಲ ಮೇಲಿಟ್ಟು ಕೂತು ಏಳುವುದು) 70 ಕೆಜಿ, ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ರಾಡ್ ಎತ್ತುವುದು) 55 ಕೆಜಿ ಮಾಡುತ್ತೇನೆ. ಒಂದು ಪವರ್ ರ್ಯಾಕ್ (ರಾಡ್ ಇಡಲು ಹುಕ್ಕು, ಕೈ ಜಾರಿದರೆ ತಡೆಯಲು ಸೇಫ್ಟಿ ಇರುವ ನಾಲ್ಕು ಕಂಬದ ಚೌಕಟ್ಟು) ತರಿಸಬೇಕು ಅಂತಿದ್ದೇನೆ. ಆನ್‌ಲೈನ್‌ನಲ್ಲಿ '450 ಕೆಜಿ ಕೆಪಾಸಿಟಿ' ಅಂತ ಬರೆದ 2 ಎಂಎಂ ಪೈಪಿನ ರ್ಯಾಕ್ ಅಗ್ಗಕ್ಕೆ ಸಿಗುತ್ತಿದೆ. ಅದು ಸಾಕಾ? ಇಲ್ಲೇ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದರೆ ಹೇಗೆ? ರಾಡ್ ಹಳಿ ಮೇಲೆ ಓಡುವ ಸ್ಮಿತ್ ಮಷೀನ್ ಇನ್ನೂ ಸೇಫ್ ಅನ್ನುತ್ತಾರೆ, ನಿಜವಾ?

ಉತ್ತರ: ಎಲ್ಲಕ್ಕಿಂತ ಮುಖ್ಯವಾದದ್ದನ್ನು ನೀವು ಕೇಳಿಯೇ ಇಲ್ಲ. ನಿಮ್ಮ 5 ಅಡಿ ರಾಡ್ ಯಾವ ಸಾಮಾನ್ಯ ಪವರ್ ರ್ಯಾಕಿನ ಮೇಲೂ ಕೂರುವುದಿಲ್ಲ.

ಯಾಕೆ ಅಂತ ನೋಡಿ. ರ್ಯಾಕಿನ ಎಡ ಬಲ ಕಂಬಗಳ ಹೊರಗಿನ ಅಗಲ ಸುಮಾರು 4 ಅಡಿ ಇರುತ್ತದೆ. ಇದಕ್ಕೆ ಕಾರಣ ಒಲಿಂಪಿಕ್ ರಾಡ್. ಅದರ ಉದ್ದ 2.2 ಮೀಟರ್, ತೂಕ 20 ಕೆಜಿ. ಪ್ಲೇಟ್ ಕೂರುವ ಎರಡು ದಪ್ಪ ತುದಿಗಳ ನಡುವೆ 1.31 ಮೀಟರ್ ಜಾಗ ಇರುತ್ತದೆ, ಅಂದರೆ ನಾಲ್ಕೂ ಕಾಲು ಅಡಿಗೆ ಒಂದು ಚೂರು ಜಾಸ್ತಿ. ರ್ಯಾಕ್ ಮಾಡುವವರು ಈ ಅಳತೆ ಹಿಡಿದೇ ಮಾಡುತ್ತಾರೆ. ನಿಮ್ಮ 5 ಅಡಿ ರಾಡಿನಲ್ಲಿ ಎರಡೂ ತುದಿಗೆ ಪ್ಲೇಟಿನ ಜಾಗ ಬಿಟ್ಟರೆ ಮಧ್ಯೆ ಮೂರೂವರೆ ಅಡಿ ಉಳಿದರೆ ಹೆಚ್ಚು. ರ್ಯಾಕ್ ಬಂದ ದಿನ ರಾಡನ್ನು ಹುಕ್ಕಿನ ಮೇಲಿಡಲು ಹೋದರೆ ಪ್ಲೇಟ್ ಕೂರಬೇಕಾದ ಜಾಗಕ್ಕೇ ಕಂಬ ಬಂದಿರುತ್ತದೆ. ಟೇಪ್ ತೆಗೆದುಕೊಂಡು ಈಗಲೇ ಅಳೆದು ನೋಡಿ.

ಇನ್ನೊಂದು ತಲೆನೋವು ಪ್ಲೇಟಿನದು. ನಿಮ್ಮ ಪ್ಲೇಟುಗಳ ತೂತು ಬಹುಶಃ 28ರಿಂದ 30 ಎಂಎಂ. ಒಲಿಂಪಿಕ್ ರಾಡಿನ ತುದಿ 50 ಎಂಎಂ ದಪ್ಪ, ಅದಕ್ಕೆ ಅವು ಹೋಗುವುದಿಲ್ಲ. ದೊಡ್ಡ ತೂತಿನ ಪ್ಲೇಟನ್ನು ತೆಳು ರಾಡಿಗೆ ಹಾಕಲು ಅಡಾಪ್ಟರ್ ಸಿಗುತ್ತದೆ. ಇದಕ್ಕೆ ಉಲ್ಟಾ ಮಾಡಲು ದಾರಿಯಿಲ್ಲ. ಹಾಗಾಗಿ ನಿಮ್ಮ ಮುಂದೆ ಇರುವುದು ಎರಡೇ ದಾರಿ. ಒಂದು, ಇದೇ ಪ್ಲೇಟುಗಳಿಗೆ ಹೊಂದುವ 7 ಅಡಿ ಉದ್ದದ ತೆಳು ರಾಡ್ ತರುವುದು. ನಿಮ್ಮ ಈಗಿನ ತೂಕಕ್ಕೆ ಅದು ಆಗುತ್ತದೆ, ಆದರೆ 100 ಕೆಜಿ ದಾಟಿದ ಮೇಲೆ ಅಗ್ಗದ ತೆಳು ರಾಡ್‌ಗಳು ಬಾಗಿ ಹಾಗೇ ಉಳಿದುಬಿಡುತ್ತವೆ. ಎರಡು, ಈಗಲೇ ಒಲಿಂಪಿಕ್ ರಾಡಿಗೂ ಪ್ಲೇಟಿಗೂ ಹೋಗಿಬಿಡುವುದು. ನಾನಾದರೆ ಎರಡನೆಯದನ್ನೇ ಮಾಡುತ್ತಿದ್ದೆ. 70 ಕೆಜಿ ಸ್ಕ್ವಾಟ್ ಮಾಡುವವರು ಬಿಡದೆ ಮಾಡಿದರೆ 100 ದಾಟುವುದು ದೂರದ ಮಾತಲ್ಲ. ರ್ಯಾಕಿಗೆ ಎತ್ತಿಟ್ಟ ದುಡ್ಡಿನಲ್ಲಿ ರಾಡ್ ಮತ್ತು ಪ್ಲೇಟಿನ ಲೆಕ್ಕ ಮೊದಲು ಹಾಕಿ. ಮನೆ ಜಿಮ್‌ನಲ್ಲಿ ಕೊನೆಗೆ ಜಾಸ್ತಿ ದುಡ್ಡು ತಿನ್ನುವುದು ಪ್ಲೇಟುಗಳೇ.

ಈಗ ಆ 450 ಕೆಜಿ ಮಾತಿಗೆ ಬರೋಣ. ಆ ಸಂಖ್ಯೆಯನ್ನು ಹೇಗೆ ಪರೀಕ್ಷೆ ಮಾಡಿ ಬರೆದರು ಅಂತ ಕೇಳಿದರೆ ಮಾರುವವರಲ್ಲಿ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಹುಕ್ಕಿನ ಮೇಲೆ ಸುಮ್ನೆ ಇಟ್ಟ ಭಾರ ಬೇರೆ, ಕೈ ಜಾರಿ ಬಿದ್ದ ಭಾರ ಬೇರೆ. ಒಂದು ಸಣ್ಣ ಲೆಕ್ಕ ಹಾಕಿ. 80 ಕೆಜಿ ಹಾಕಿದ ರಾಡ್ 20 ಸೆಂ.ಮೀ. ಬಿದ್ದು, ಕಬ್ಬಿಣದ ಸೇಫ್ಟಿ ಬಾರ್ ಮೇಲೆ 2 ಸೆಂ.ಮೀ. ಒಳಗೆ ನಿಂತಿತು ಅಂತಿಟ್ಟುಕೊಳ್ಳಿ. ಆಗ ಎರಡೂ ಕಡೆಯ ಸೇಫ್ಟಿ ಸೇರಿ ತಡೆಯಬೇಕಾದ ಬಲ ಸರಾಸರಿ 11 ಪಟ್ಟು, ಅಂದರೆ 880 ಕೆಜಿ ಭಾರಕ್ಕೆ ಸಮ. ಅದೇ ರಾಡ್ ದಪ್ಪ ನೈಲಾನ್ ಪಟ್ಟಿಯ ಮೇಲೆ ಬಿದ್ದು 5 ಸೆಂ.ಮೀ. ಜಗ್ಗಿ ನಿಂತರೆ 5 ಪಟ್ಟು, 400 ಕೆಜಿ. ಅದಕ್ಕೇ ನಾನು ರ್ಯಾಕ್ ನೋಡುವಾಗ ಕೆಪಾಸಿಟಿ ಚೀಟಿ ಓದುವುದಿಲ್ಲ. ಸೇಫ್ಟಿ ಯಾವ ಬಗೆಯದು, ಅದು ಕಂಬಕ್ಕೆ ಹೇಗೆ ಕೂರುತ್ತದೆ ಅಂತ ಮೊದಲು ನೋಡುತ್ತೇನೆ. ಒಬ್ಬರೇ ವ್ಯಾಯಾಮ ಮಾಡುವವರಿಗೆ ರ್ಯಾಕ್ ಬೇಕಾಗುವುದೇ ಅದಕ್ಕೆ. ರಾಡ್ ಎತ್ತಿಡಲು ಮಾತ್ರ ಆಗಿದ್ದರೆ ಎರಡು ಸ್ಟ್ಯಾಂಡ್ ಸಾಕಿತ್ತು.

ಸೇಫ್ಟಿಯಲ್ಲಿ ಮೂರು ಬಗೆ ಸಿಗುತ್ತವೆ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ತೂರಿಸುವ ಪೈಪ್ ಒಂದು. ಎರಡು ಕಂಬದ ಮಧ್ಯೆ ಕಟ್ಟುವ ನೈಲಾನ್ ಪಟ್ಟಿ ಇನ್ನೊಂದು. ಮುಂದಿನ ಕಂಬದಿಂದ ಹೊರಗೆ ಚಾಚಿಕೊಂಡಿರುವ ತೋಳು ಮೂರನೆಯದು. ಮನೆಗೆ, ಅದರಲ್ಲೂ ಕೆಳಗೆ ಯಾರಾದರೂ ಮಲಗಿರುವ ಮನೆಗೆ, ನನ್ನ ಮತ ಪಟ್ಟಿಗೆ. ಸದ್ದು ಕಡಿಮೆ, ರಾಡಿಗೂ ಏಟು ಬೀಳುವುದಿಲ್ಲ. ಬಿಸಿಲು ಬೀಳುವ ಕಿಟಕಿ ಪಕ್ಕ ಮಾತ್ರ ಬೇಡ, ನೈಲಾನ್ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಪಟ್ಟಿ ಸಿಗದಿದ್ದರೆ ತೂರಿಸುವ ಪೈಪೇ ಇರಲಿ, ಅದು ನಂಬಿಕಸ್ಥ ಹಳೇ ಪದ್ಧತಿ. ಚಾಚಿದ ತೋಳು ಇರುವ ಅರ್ಧ ರ್ಯಾಕುಗಳಲ್ಲಿ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಹಿಂದೆ ತೂಕ ಇಲ್ಲದಿದ್ದರೆ, ನೆಲಕ್ಕೆ ಬೋಲ್ಟ್ ಹಾಕದಿದ್ದರೆ ಮುಂದಕ್ಕೆ ಮಗುಚಬಹುದು. ನಿಮ್ಮ ರೂಮಿನಲ್ಲಿ ನಾಲ್ಕು ಕಂಬದ ಪೂರ್ತಿ ರ್ಯಾಕಿಗೇ ಜಾಗ ಇರುವಾಗ ಅರ್ಧದ ಗೊಡವೆ ಯಾಕೆ?

2 ಎಂಎಂ ಪೈಪ್ ಸಾಕಾ ಅಂದರೆ, 70 ಕೆಜಿಗೆ ಅದು ಬಾಗುವುದಿಲ್ಲ, ಹೆದರಬೇಡಿ. ಸಮಸ್ಯೆ ಬೇರೆ. 50×50 ಎಂಎಂನ 2 ಎಂಎಂ ಪೈಪಿನ ರ್ಯಾಕ್ ಹಗುರ. ಸುಸ್ತಾಗಿ ಕೊನೇ ಸಲ ಎತ್ತಿ ಮುಗಿಸಿ ರಾಡನ್ನು ಹುಕ್ಕಿಗೆ ತಳ್ಳಿದಾಗ ಇಡೀ ರ್ಯಾಕ್ ಒಂದು ಇಂಚು ಹಿಂದೆ ಸರಿಯುತ್ತದೆ, ಅಲುಗಾಡುತ್ತದೆ. ಬಳಸುತ್ತಾ ಹೋದಂತೆ ಹುಕ್ಕು, ಸೇಫ್ಟಿ ಸಿಕ್ಕಿಸುವ ಪಿನ್ನಿನ ತೂತುಗಳು ಅಂಡಾಕಾರ ಆಗಬಹುದು, ತೆಳು ಪೈಪಿನಲ್ಲಿ ಇದು ಬೇಗ. 60×60 ಅಥವಾ 75×75 ಅಳತೆ, ದಪ್ಪ ಎರಡೂವರೆಯಿಂದ 3 ಎಂಎಂ ಇದ್ದರೆ ಮನೆಯಲ್ಲಿ ಜೀವಮಾನ ಬರುತ್ತದೆ. ಅಮೆರಿಕದ ರೋಗ್ ಕಂಪನಿಯ ಮಾನ್‌ಸ್ಟರ್ ರ್ಯಾಕ್ ನೋಡಿ, 3 ಇಂಚಿನ ಕಂಬ, 1 ಇಂಚಿನ ತೂತೇ ಬೇಕು ಅಂತ ಹಟ ಹಿಡಿಯುವವರು ಇದ್ದಾರೆ. ಚಂದ ಇದೆ, ಇಲ್ಲ ಅನ್ನಲ್ಲ. ನಿಮಗೆ ಅದು ಬೇಡ. 16 ಎಂಎಂ ಪಿನ್ ಧಾರಾಳ ಸಾಕು.

ಒಂದು ಮಾತು ನೆನಪಿಡಿ. ಜೆ ಹುಕ್ (ರಾಡ್ ಕೂರುವ ಹುಕ್ಕು), ಸೇಫ್ಟಿ, ಡಿಪ್ಸ್ ಹ್ಯಾಂಡಲ್ ಎಲ್ಲವನ್ನೂ ಆ ರ್ಯಾಕ್ ಮಾಡಿದವರಿಂದಲೇ ತೆಗೆದುಕೊಳ್ಳಿ. 3 ಇಂಚು ಅಂದರೆ 76 ಎಂಎಂ, ನಮ್ಮಲ್ಲಿ ಸಿಗುವ ಪೈಪ್ 75 ಅಥವಾ 72 ಎಂಎಂ ಇರುತ್ತದೆ. ಬೇರೆ ಕಡೆಯಿಂದ ತಂದ ಹುಕ್ ಒಂದೋ ಕೂರುವುದಿಲ್ಲ, ಕೂತರೂ ಲೊಡ ಲೊಡ ಅನ್ನುತ್ತದೆ.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದು ನನಗೆ ಇಷ್ಟವಾದ ದಾರಿ. ಗೇಟು, ಗ್ರಿಲ್ ಮಾಡುವವರಿಗೆ ಕಬ್ಬಿಣ ಚೆನ್ನಾಗಿ ಗೊತ್ತು, ರ್ಯಾಕ್ ಗೊತ್ತಿರುವುದಿಲ್ಲ. ಅದನ್ನು ನೀವು ಹೇಳಬೇಕು. ಮೊದಲನೆಯದು ಪೈಪು. 3 ಎಂಎಂ ಅಂತ ಹೇಳಿ 2 ಎಂಎಂ ಹಾಕಿದರೆ ಪೇಂಟ್ ಆದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಪೈಪ್ ಬರುವುದು 6 ಮೀಟರ್ ಉದ್ದದಲ್ಲಿ, ಮಾರುವುದು ಕೆಜಿ ಲೆಕ್ಕದಲ್ಲಿ. 75×75ರ 3 ಎಂಎಂ ಪೈಪ್ ಒಂದು ಉದ್ದಕ್ಕೆ 40 ಕೆಜಿ ಆಸುಪಾಸು ತೂಗಬೇಕು. 2 ಎಂಎಂ ಆದರೆ 27 ಕೆಜಿ ಅಷ್ಟೇ. ಪೈಪ್ ಅಂಗಡಿಗೆ ನೀವೇ ಹೋಗಿ, ತಕ್ಕಡಿಯ ಮುಂದೆ ನಿಲ್ಲಿ, ಬಿಲ್ಲಿನಲ್ಲಿ ತೂಕ ಬರೆಸಿಕೊಳ್ಳಿ. ಯಾರ ಜೊತೆಗೂ ಜಗಳ ಬೇಕಾಗಿಲ್ಲ, ತಕ್ಕಡಿಯೇ ಹೇಳುತ್ತದೆ.

ಎರಡನೆಯದು ತೂತು. ಇದರಲ್ಲೇ ಊರಿನ ರ್ಯಾಕುಗಳು ಕೆಡುವುದು. ಗ್ಯಾಸ್ ಕಟಿಂಗ್‌ನಲ್ಲಿ ತೂತು ಹೊಡೆಯಲು ಬಿಡಲೇಬೇಡಿ. ಅಂಚು ಮುರಿಮುರಿ ಬರುತ್ತದೆ, ಅಳತೆ ನಿಲ್ಲುವುದಿಲ್ಲ. ನಾಲ್ಕೂ ಕಂಬದ ಬುಡ ಒಂದೇ ಗೆರೆಗೆ ತಂದು, ಎರಡೆರಡನ್ನು ಕ್ಲ್ಯಾಂಪ್ ಹಾಕಿ ಜೊತೆಗೇ ಡ್ರಿಲ್ ಮಾಡಲಿ. ಇನ್ನೂ ಒಳ್ಳೆಯದು ಪೈಪನ್ನು ಲೇಸರ್ ಕಟಿಂಗಿಗೆ ಕಳಿಸುವುದು. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಕೆಲಸ ಮಾಡಿಕೊಡುವವರು ಇದ್ದಾರೆ, ಸಾಗಣೆ ಖರ್ಚು ನೋಡಿಕೊಂಡು ತೀರ್ಮಾನಿಸಿ. 16 ಎಂಎಂ ಪಿನ್ನಿಗೆ 17 ಎಂಎಂ ತೂತು, ತೂತಿನಿಂದ ತೂತಿಗೆ 50 ಎಂಎಂ. ಬೆಂಚ್ ಪ್ರೆಸ್ ಮಾಡುವ ಎತ್ತರದಲ್ಲಿ ಮಾತ್ರ 25 ಎಂಎಂ ಅಂತರ ಇಡಿಸಿ. ಈ ಹತ್ತಿರ ಹತ್ತಿರದ ತೂತಿಗೆ ವೆಸ್ಟ್‌ಸೈಡ್ ಅಂತರ ಅನ್ನುತ್ತಾರೆ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಲೂಯಿ ಸಿಮನ್ಸ್ ನಡೆಸುತ್ತಿದ್ದ ವೆಸ್ಟ್‌ಸೈಡ್ ಬಾರ್ಬೆಲ್ ಜಿಮ್‌ನಿಂದ ಬಂದ ಹೆಸರು. ಇದರ ಉಪಯೋಗ ಏನು ಅಂತ ಮುಂದೆ ಹೇಳುತ್ತೇನೆ.

ಮೂರನೆಯದು ಜೋಡಣೆ. ಕಂಬಕ್ಕೆ ಅಡ್ಡಪಟ್ಟಿಗಳನ್ನು 16 ಎಂಎಂ ಬೋಲ್ಟಿನಿಂದ ಸೇರಿಸಲಿ, ಬೋಲ್ಟಿನ ತಲೆಯ ಮೇಲೆ 8.8 ಅಂತ ಕೆತ್ತಿರಬೇಕು, ಅದು ಬೋಲ್ಟಿನ ಬಲದ ದರ್ಜೆ. ಪೂರ್ತಿ ವೆಲ್ಡ್ ಮಾಡಿದ ರ್ಯಾಕ್ ಮೆಟ್ಟಿಲು ಹತ್ತುವುದಿಲ್ಲ ಅನ್ನುವುದು ನೆನಪಿರಲಿ! ವೆಲ್ಡ್ ಮಾಡುವ ಕಡೆ ಅಲ್ಲಲ್ಲಿ ಟ್ಯಾಕ್ ಹೊಡೆದು ಬಿಡದೆ ಪೂರ್ತಿ ಸುತ್ತ ವೆಲ್ಡ್ ಬರಲಿ. ಜೆ ಹುಕ್ಕಿಗೆ 8 ಎಂಎಂ ಪ್ಲೇಟ್ ಬಳಸಿ, ರಾಡ್ ಕೂರುವ ಕಡೆ ದಪ್ಪ ನೈಲಾನ್ ಶೀಟಿನ ತುಂಡು ಸ್ಕ್ರೂ ಮಾಡಿಸಿ. ಇಲ್ಲದಿದ್ದರೆ ರಾಡಿನ ಮೇಲಿನ ಕಚ್ಚುಗಳು ಹುಕ್ಕಿಗೆ ಉಜ್ಜಿ ಸವೆಯುತ್ತವೆ. ಹುಕ್ಕಿನ ಮುಂದಿನ ತುಟಿ 2 ಇಂಚು ಇದ್ದರೆ ಹದ. ಅದಕ್ಕಿಂತ ಎತ್ತರ ಇದ್ದರೆ ಬೆಂಚ್ ಮೇಲೆ ಮಲಗಿ ರಾಡ್ ಬಿಡಿಸಿಕೊಳ್ಳುವಾಗಲೇ ಭುಜ ಎಳೆದಂತಾಗುತ್ತದೆ.

ಎಲ್ಲ ನಿಲ್ಲಿಸಿದ ಮೇಲೆ ಗಾರೆಯವರ ನೀರಿನ ಪೈಪ್ ಲೆವೆಲ್ ತಂದು ಎಡ ಬಲದ ಹುಕ್ ಒಂದೇ ಮಟ್ಟದಲ್ಲಿದೆಯಾ ನೋಡಿ. ಖಾಲಿ ರಾಡನ್ನು ಹುಕ್ಕಿನ ಮೇಲಿಟ್ಟು ಎರಡೂ ಕಡೆಯ ಸೇಫ್ಟಿಗೆ ಎಷ್ಟು ಅಂತರ ಇದೆ ಅಂತಲೂ ಅಳೆಯಿರಿ. ಎರಡು ಮೂರು ಎಂಎಂ ವ್ಯತ್ಯಾಸ ಪರವಾಗಿಲ್ಲ. ಒಂದು ಸೆಂಟಿಮೀಟರ್ ಇದ್ದರೆ ವಾಪಸ್ ಕಳಿಸಿ, 'ಅಡ್ಜಸ್ಟ್ ಮಾಡ್ಕೊಳಿ ಸಾರ್' ಅಂದರೂ ಒಪ್ಪಬೇಡಿ.

ಪೇಂಟಿನ ವಿಷಯ ಚಿಕ್ಕದಾಗಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಪೌಡರ್ ಕೋಟಿಂಗ್ ವಾಸಿ. ಅದು ಆಗದಿದ್ದರೆ ರೆಡ್ ಆಕ್ಸೈಡ್ ಮೇಲೆ ಎರಡು ಕೋಟ್ ಎನಾಮೆಲ್. ಪೈಪಿನ ಬಾಯಿಗಳಿಗೆ ಕ್ಯಾಪ್ ಹಾಕಿಸಿ, ತುಕ್ಕು ಶುರುವಾಗುವುದು ಒಳಗಿನಿಂದ. ಮಂಗಳೂರು, ಕಾರವಾರದ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ರ್ಯಾಕಿಗಿಂತ ಮೊದಲು ತುಕ್ಕು ಹಿಡಿಯುವುದು ರಾಡ್. ವಾರಕ್ಕೊಮ್ಮೆ ಬ್ರಶ್ ಹೊಡೆದು ಹೊಲಿಗೆ ಮಷೀನಿನ ಎಣ್ಣೆ ಸವರಿಡಿ.

ರೂಮು ನಿಮಗೆ ಸಾಕು, ಆದರೆ ರ್ಯಾಕ್ ನಿಲ್ಲುವ ದಿಕ್ಕು ಮುಖ್ಯ. ರಾಡ್ 2.2 ಮೀಟರ್, ಅಂದರೆ 7 ಅಡಿ 3 ಇಂಚು. ಅದು ರೂಮಿನ 11 ಅಡಿ ಕಡೆಗೆ ಬರುವಂತೆ ಇಟ್ಟರೆ ಎರಡೂ ತುದಿಯಲ್ಲಿ 57 ಸೆಂ.ಮೀ.ನಷ್ಟು ಜಾಗ ಸಿಗುತ್ತದೆ, ಪ್ಲೇಟ್ ಹಾಕಿ ತೆಗೆಯಲು ಆರಾಮ. 10 ಅಡಿ ಕಡೆಗೆ ಇಟ್ಟರೆ 42 ಸೆಂ.ಮೀ. ಮಾತ್ರ. ಆಗುತ್ತದೆ, ಆದರೆ ಗೋಡೆಗೆ ಮೊಣಕೈ ತಾಗುತ್ತಿರುತ್ತದೆ. ಆರ್ಡರ್ ಕೊಡುವ ಮೊದಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ರ್ಯಾಕ್, ರಾಡ್, ಬೆಂಚ್ ಮೂರನ್ನೂ ಗೆರೆ ಎಳೆದು, ಬಾಗಿಲು ಪೂರ್ತಿ ತೆರೆಯುತ್ತದಾ ನೋಡಿ. ಕಂಬಗಳ ನಡುವಿನ ಆಳ ಒಳಗೆ ಕನಿಷ್ಠ 24 ಇಂಚು ಇರಲಿ. ಒಳಗೇ ನಿಂತು ಸ್ಕ್ವಾಟ್ ಮಾಡಲು 30 ಇಂಚು ಇನ್ನೂ ಅನುಕೂಲ.

ಮೇಲೆ ನೋಡಿ, ಫ್ಯಾನ್ ಇದೆ ಅಲ್ವಾ? ಒಂಬತ್ತೂವರೆ ಅಡಿ ಎತ್ತರದಲ್ಲಿ ಫ್ಯಾನಿನ ರೆಕ್ಕೆ ಸುಮಾರು ಎಂಟು, ಎಂಟೂವರೆ ಅಡಿಗೆ ಬಂದಿರುತ್ತದೆ. 7 ಅಡಿಯ ರ್ಯಾಕಿನಲ್ಲಿ ಪುಲ್ ಅಪ್ಸ್ ಮಾಡಿದರೆ ತಲೆ ರಾಡಿನಿಂದ ಮೇಲೆ ಬಂದು ಸುಮಾರು 8 ಅಡಿಗೆ ಹೋಗುತ್ತದೆ. ಭಾರವನ್ನು ತಲೆ ಮೇಲೆ ಎತ್ತುವಾಗಲೂ ಹಾಗೆಯೇ. ಐದಡಿ ಎಂಟಿಂಚಿನವರ ಕೈ 7 ಅಡಿ ದಾಟುತ್ತದೆ, 45 ಸೆಂ.ಮೀ. ಅಗಲದ ಪ್ಲೇಟ್ ಹಾಕಿದ್ದರೆ ಅದರ ಅಂಚು 8 ಅಡಿ ಮುಟ್ಟುತ್ತದೆ. ರ್ಯಾಕ್ ಬರುವ ಮೊದಲೇ ಆ ಫ್ಯಾನ್ ಬಿಚ್ಚಿಸಿ ಗೋಡೆ ಫ್ಯಾನ್ ಹಾಕಿಸಿ. ಇದರಲ್ಲಿ ಎರಡನೇ ಮಾತಿಲ್ಲ.

ಮೊದಲ ಮಹಡಿ ಭಾರ ತಡೆಯುತ್ತದಾ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಮನೆಯ ರೂಮುಗಳನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆ ಭಾರಕ್ಕೆ ಲೆಕ್ಕ ಹಾಕಿ ಕಟ್ಟಬೇಕು ಅಂತ ನಮ್ಮ ಐಎಸ್ 875 ಮಾನದಂಡದಲ್ಲಿದೆ. ನಿಮ್ಮ ರೂಮು 10 ಚದರ ಮೀಟರ್. ರ್ಯಾಕ್, ರಾಡ್, ಪ್ಲೇಟ್, ಬೆಂಚ್, ನೀವು, ಎಲ್ಲ ಸೇರಿ ಮುನ್ನೂರೈವತ್ತು ಕೆಜಿ. ಸರಿಯಾಗಿ ಕಟ್ಟಿದ ಆರ್‌ಸಿಸಿ ಚಾವಣಿಗೆ ಇದು ಹೊರೆಯಲ್ಲ. ಚಾಚಿಕೊಂಡಿರುವ ಬಾಲ್ಕನಿಯಲ್ಲಿ ಮಾತ್ರ ಬೇಡ. ಮರದ ತೊಲೆ, ಹಲಗೆಯ ಹಳೇ ಉಪ್ಪರಿಗೆಯಾದರೆ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸದೆ ಏನೂ ಇಡಬೇಡಿ.

ಚಾವಣಿಗಿಂತ ಮೊದಲು ಒಡೆಯುವುದು ಟೈಲ್ಸ್. ಒಂದು ನಾಣ್ಯ ತೆಗೆದುಕೊಂಡು ರ್ಯಾಕ್ ಬರುವ ಜಾಗದ ಪ್ರತಿ ಟೈಲ್ಸಿನ ನಾಲ್ಕು ಮೂಲೆ, ಮಧ್ಯ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟ್ ತುಂಬಿಲ್ಲ, ಅದು ಒಂದು ದಿನ ಬಿರುಕು ಬಿಡುತ್ತದೆ. ಮೇಲೆ 18 ಎಂಎಂ ಪ್ಲೈವುಡ್ ಎರಡು ಪದರ, ಒಂದರ ಮೇಲೊಂದು ಅಡ್ಡ ಉದ್ದ ಬರುವಂತೆ ಹಾಕಿ, ಅದರ ಮೇಲೆ 20 ಎಂಎಂ ರಬ್ಬರ್ ಮ್ಯಾಟ್. ರ್ಯಾಕನ್ನು ಈ ಪ್ಲೈವುಡ್‌ಗೇ ಬೋಲ್ಟ್ ಮಾಡಬಹುದು, ನೆಲ ಕೊರೆಯುವುದೇ ಬೇಡ. ಬಾಡಿಗೆ ಮನೆಯವರಿಗೂ ಇದೇ ಉಪಾಯ.

ಇನ್ನು ಸೇಫ್ಟಿ ಎತ್ತರ ಹೊಂದಿಸುವುದು. ಇದನ್ನು ಓದಿ ಬಿಡಬೇಡಿ, ಮೊದಲ ದಿನವೇ ಮಾಡಿ. ಬೆಂಚ್ ಮೇಲೆ ಮಲಗಿ ಖಾಲಿ ರಾಡ್ ಹಿಡಿದು, ನೀವು ಯಾವಾಗಲೂ ಮಾಡುವಂತೆ ಎದೆ ಉಬ್ಬಿಸಿ ಬೆನ್ನು ಸ್ವಲ್ಪ ಕಮಾನು ಮಾಡಿ. ರಾಡ್ ಎದೆ ಮುಟ್ಟಿದಾಗ ಸೇಫ್ಟಿ ಅದಕ್ಕಿಂತ ಒಂದು ಬೆರಳು ಕೆಳಗಿರಬೇಕು. ಈಗ ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿ. ರಾಡ್ ಸೇಫ್ಟಿ ಮೇಲೆ ಕೂತು, ಎದೆಗೂ ರಾಡಿಗೂ ನಡುವೆ ಸಂದು ಕಾಣಬೇಕು. ಹಾಗೇ ರಾಡನ್ನು ಕುತ್ತಿಗೆ ಕಡೆಗೆ ಉರುಳಿಸಿ ನೋಡಿ, ಗಂಟಲಿಗೆ ತಾಗಬಾರದು. 50 ಎಂಎಂ ಅಂತರದ ತೂತಿನಲ್ಲಿ ಈ ಹದ ಎಷ್ಟೋ ಸಲ ಸಿಗುವುದೇ ಇಲ್ಲ. ಒಂದು ತೂತಿನಲ್ಲಿ ರಾಡ್ ಎದೆ ಮುಟ್ಟುವುದಿಲ್ಲ, ಅದರ ಕೆಳಗಿನದರಲ್ಲಿ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಆ 25 ಎಂಎಂ ಅಂತರ ಹೇಳಿದ್ದು. ನಿಮ್ಮ ಕೈಗೆ ಬಂದ ರ್ಯಾಕಿನಲ್ಲಿ ಅದು ಇಲ್ಲದಿದ್ದರೆ ಸೇಫ್ಟಿಯನ್ನು ಮೇಲಿನ ತೂತಿಗೆ ಹಾಕಿ, ಬೆಂಚಿನ ಕಾಲುಗಳ ಕೆಳಗೆ ಉಳಿದ ಪ್ಲೈವುಡ್ ಅಥವಾ ಮ್ಯಾಟ್ ಇಟ್ಟು ಬೆಂಚನ್ನೇ ಎತ್ತರಿಸಿ. ಬೆಂಚ್ ಅಲುಗಾಡದಂತೆ ಅಗಲದ ತುಂಡೇ ಇರಲಿ.

ಸ್ಕ್ವಾಟಿಗೆ ಇಷ್ಟು ಕಷ್ಟವಿಲ್ಲ. ಪೂರ್ತಿ ಕೆಳಗೆ ಕೂತಾಗ ರಾಡಿಗಿಂತ ಒಂದೂವರೆ ಇಂಚು ಕೆಳಗೆ ಸೇಫ್ಟಿ ಇದ್ದರೆ ಸಾಕು. ಏಳಲು ಆಗದಿದ್ದರೆ ಮುಂದಕ್ಕೆ ಬಾಗದೆ ಇನ್ನಷ್ಟು ಕೂತು ರಾಡನ್ನು ಸೇಫ್ಟಿಗೆ ಒಪ್ಪಿಸಿ ಹೊರಗೆ ಬನ್ನಿ. 40 ಕೆಜಿ ಹಾಕಿ ಬೇಕಂತಲೇ ಎರಡು ಮೂರು ಸಲ ಹೀಗೆ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಎರಡೂ ವ್ಯಾಯಾಮಕ್ಕೆ ನಿಮ್ಮ ತೂತುಗಳ ಪಕ್ಕ ಪೇಂಟ್ ಮಾರ್ಕರಿನಲ್ಲಿ ನಂಬರ್ ಬರೆದಿಡಿ. ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಎಡಕ್ಕೊಂದು ಬಲಕ್ಕೊಂದು ತೂತಿಗೆ ಹಾಕುವುದು ಸುಲಭ. ಮತ್ತೆ, ರ್ಯಾಕ್ ಬರುವ ತನಕ ಒಬ್ಬರೇ ಬೆಂಚ್ ಪ್ರೆಸ್ ಮಾಡುವಾಗ ಪ್ಲೇಟಿಗೆ ಲಾಕ್ ಹಾಕಬೇಡಿ. ಸಿಕ್ಕಿಕೊಂಡರೆ ಒಂದು ಕಡೆ ಓರೆ ಮಾಡಿ ಪ್ಲೇಟ್ ಜಾರಿಸಲು ಆಗಬೇಕು.

ಸ್ಮಿತ್ ಮಷೀನಿನಲ್ಲಿ ರಾಡ್ ಹಳಿ ಮೇಲೆ ಹೋಗುತ್ತದೆ, ಮಣಿಕಟ್ಟು ತಿರುಗಿಸಿದರೆ ಕೊಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಸೇಫ್ ಅನ್ನುವುದು ಆ ಅರ್ಥದಲ್ಲಿ ನಿಜ. ಆದರೆ ದೇಹ ಹೋಗುವ ದಾರಿಯನ್ನು ಮಷೀನು ತೀರ್ಮಾನಿಸುತ್ತದೆ, ಸಮತೋಲನದ ಕೆಲಸ ಸ್ನಾಯುಗಳಿಗೆ ಸಿಗುವುದಿಲ್ಲ. ಈಗಾಗಲೇ 70 ಕೆಜಿ ಬಿಡಿ ರಾಡಿನಲ್ಲಿ ಸ್ಕ್ವಾಟ್ ಮಾಡುತ್ತಿರುವ ನಿಮಗೆ ಅದು ಹಿಂದಿನ ಹೆಜ್ಜೆ. ಇರುವ ಒಂದು ರೂಮನ್ನು ಅದಕ್ಕೆ ಕೊಡಬೇಡಿ.

ಮಾಡಿಸುವ ಗೋಜು ಬೇಡ ಅನ್ನಿಸಿದರೆ ಮುಚ್ಚಿದ ಜಿಮ್‌ಗಳ ಹಳೇ ರ್ಯಾಕ್ ಹುಡುಕಿ. ಗೀಚು, ಬಣ್ಣ ಹೋಗಿದ್ದು ನೋಡಬೇಡಿ. ಹುಕ್ ಸಿಕ್ಕಿಸುವ ತೂತುಗಳು ಇನ್ನೂ ದುಂಡಗಿವೆಯಾ, ಅಡ್ಡಪಟ್ಟಿಯ ವೆಲ್ಡಿನ ಸುತ್ತ ಕೂದಲೆಳೆಯ ಬಿರುಕು ಇದೆಯಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಸೇಫ್ಟಿ ಎರಡೂ ಒಂದೇ ಜೊತೆಯವಾಗಿರಬೇಕು, ಪಿನ್ನುಗಳು ಎಲ್ಲವೂ ಇರಬೇಕು. ಒಂದು ಪಿನ್ ಕಳೆದಿದ್ದರೂ 'ಮಾಮೂಲಿ ಬೋಲ್ಟ್ ಹಾಕ್ಕೊಳಿ' ಅನ್ನುತ್ತಾರೆ. ಅಂಥ ಕಡೆ ದರ ಕೇಳದೆ ಎದ್ದು ಬನ್ನಿ.